ನೀರು ಬರುತ್ತಿತ್ತು, ನಿಧಾನವಾಗಿ

ಅದೊಂದು ಭಾನುವಾರ ರಾತ್ರಿ ಒಂಬತ್ತೂವರೆ ಇರಬೇಕು. ಊಟ ಮುಗಿಸಿ ಹಜಾರದಲ್ಲಿ ಕುಳಿತು ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅಡುಗೆಮನೆಯಿಂದ ಕುಂಯ್ ಕುಂಯ್ ಎಂದು ಸದ್ದು ಕೇಳಿಸಿತು. "ರೀ, ಸ್ವಲ್ಪ ಬನ್ನಿ ಇಲ್ಲಿ, ಇದೇನೋ ಅಳ್ತಾ ಇದೆ" ಎಂದು ನನ್ನಾಕೆ ಕೂಗಿದಳು. ಹೋಗಿ ನೋಡಿದರೆ ಪಾತ್ರೆ ತೊಳೆಯುವ ಯಂತ್ರದ ಪುಟ್ಟ ಕಿಟಕಿಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು ಮಿನುಗುತ್ತಿದ್ದವು: ಐ, ಇ.

ಈ ಯಂತ್ರ ನಮ್ಮ ಮನೆಗೆ ಬಂದದ್ದು 2024ರಲ್ಲಿ, ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚೆ. ಕೊಂಡದ್ದು ಚಪಲಕ್ಕಲ್ಲ. ನನ್ನಾಕೆಗೆ ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು, ರಾತ್ರಿಯೆಲ್ಲ ಬೆರಳು ಜೋಮು ಹಿಡಿದು ಕೊನೆಗೆ ಸಣ್ಣ ಆಪರೇಷನ್ ಆಗಿತ್ತು. ತಿಕ್ಕುವುದು, ಹಿಂಡುವುದು ಕೆಲವು ತಿಂಗಳು ಕೂಡದು ಎಂದರು ವೈದ್ಯರು. ಪಾತ್ರೆಗೆ ಬರುತ್ತಿದ್ದ ಹೆಂಗಸು ಅಷ್ಟರಲ್ಲಾಗಲೇ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಬಿಟ್ಟಿದ್ದಳು. ಒಂದು ತಿಂಗಳು ನಾನೂ ಮಗನೂ ಪಾಳಿ ಹಾಕಿಕೊಂಡು ತೊಳೆದೆವು. ನಾನು ತೊಳೆದ ಪಾತ್ರೆಯನ್ನು ಅಮ್ಮ ಮತ್ತೆ ಬೆಳಕಿಗೆ ಹಿಡಿದು ನೋಡುವುದು ಬೆಂಗಳೂರಿನಲ್ಲಿರುವ ಮಗಳ ಕಿವಿಗೆ ಬಿತ್ತು. ಅವಳು ಯಂತ್ರ ಕಳಿಸಿದಳು.

"ಒಳಗೆ ಕೂತು ಯಾರು ಉಜ್ತಾರೋ?" ಎಂದು ಎಂಬತ್ತೆರಡರ ನಮ್ಮಮ್ಮ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಒಳಗೆ ಉಜ್ಜುವವರು ಯಾರೂ ಇಲ್ಲ. ಅಲ್ಲಿರುವುದು ತೂತುಗಳಿರುವ ಎರಡು ಮೂರು ತೋಳು. ಪಂಪು ಬಿಸಿನೀರನ್ನು ಅವುಗಳೊಳಕ್ಕೆ ನುಗ್ಗಿಸುತ್ತದೆ. ನೀರು ಓರೆಯಾದ ತೂತಿನಿಂದ ಒಂದು ಕಡೆಗೆ ಚಿಮ್ಮಿದರೆ ತೋಳು ಇನ್ನೊಂದು ಕಡೆಗೆ ತಿರುಗುತ್ತದೆ. ನ್ಯೂಟನ್ನನ ಮೂರನೇ ನಿಯಮ. ಬ್ರಷ್ಷಿನ ಬದಲು ನೀರಿನ ಹೊಡೆತದಿಂದಲೇ ತೊಳೆಯುವ ಇಂಥ ಯಂತ್ರಕ್ಕೆ 1886ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಇಲಿನಾಯ್ ಪ್ರಾಂತ್ಯದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ. ಗಂಡ ತೀರಿಕೊಂಡು ಸಾಲ ತಲೆಯ ಮೇಲಿದ್ದಾಗ ಆಕೆ ಅದನ್ನು ಕಟ್ಟಿ ನಿಲ್ಲಿಸಿದರು. 1893ರ ಶಿಕಾಗೋ ಮಹಾಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ನಮ್ಮ ಅಡುಗೆಮನೆಗೆ ಬರಲು ಮಾತ್ರ ನೂರಮೂವತ್ತು ವರ್ಷ ಹಿಡಿಯಿತು.

ಅದಕ್ಕೂ ಮಡಿ ಮೈಲಿಗೆ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಹಾಕಿದರೆ ಕಪ್ಪಗಾಗುತ್ತದೆ, ಯಾಕೆಂದರೆ ತೊಳೆಯುವ ಪುಡಿ ಕ್ಷಾರ. ಲೋಹದ ಮೇಲಿನ ರಕ್ಷಣೆಯ ಪದರವನ್ನೇ ತಿಂದುಹಾಕುತ್ತದೆ. ಕಬ್ಬಿಣದ ದೋಸೆ ಕಾವಲಿ ಹಾಕಿದರೆ ಪಳಗಿಸಿದ ಎಣ್ಣೆಯೆಲ್ಲ ಹೋಗಿ ತುಕ್ಕು ಹಿಡಿಯುತ್ತದೆ. ನಮ್ಮದು ತಿಪಟೂರು, ಕೊಳವೆ ಬಾವಿಯ ಗಡಸು ನೀರು. ಅದಕ್ಕೆಂದು ಯಂತ್ರದ ಹೊಟ್ಟೆಯೊಳಗೊಂದು ಉಪ್ಪಿನ ಡಬ್ಬಿ ಇದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅಲ್ಲಿನ ರಾಳದ ಮಣಿಗಳು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಹಾಯ್ದು ಮತ್ತೆ ಚೇತರಿಸಿಕೊಳ್ಳುತ್ತವೆ. ಗಡಸು ನೀರಿನ ಪಾಠ ಮಾಡುವಾಗ ನಾನೀಗ ಈ ಡಬ್ಬಿಯನ್ನೇ ಉದಾಹರಣೆ ಕೊಡುತ್ತೇನೆ.

ಐಇ ವಿಷಯಕ್ಕೆ ಬರೋಣ. ಕೈಪಿಡಿ ತೆಗೆದು ನೋಡಿದೆ. ಐ ಎಂದರೆ ಇನ್‌ಲೆಟ್, ಇ ಎಂದರೆ ಎರರ್. ನೀರು ಒಳಬರುವ ದಾರಿಯಲ್ಲಿ ದೋಷ. ನೀರು ಹೊರಹೋಗದಿದ್ದರೆ ಓಇ, ಬಿಸಿಯಾಗದಿದ್ದರೆ ಎಚ್‌ಇ. ಬೇರೆ ಕಂಪನಿಯ ಯಂತ್ರದಲ್ಲಿ ಇದೇ ದೋಷಕ್ಕೆ ಬೇರೆ ಅಕ್ಷರ, ಬೇರೆ ಅಂಕಿ. ಹಾಗಾಗಿ ಪಕ್ಕದ ಮನೆಯವರ ಕೈಪಿಡಿ ನಮಗೆ ಉಪಯೋಗವಿಲ್ಲ.

ನಾನು ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುವವನು. ಇಷ್ಟಕ್ಕೆಲ್ಲ ಮೆಕ್ಯಾನಿಕ್‌ಗೆ ಫೋನ್ ಮಾಡುವುದೇ? ಪ್ಲಗ್ ಕಿತ್ತೆ, ನಲ್ಲಿ ಕಟ್ಟಿದೆ, ಹಿಂದಿನ ಕೊಳವೆ ಬಿಚ್ಚಿದೆ. ಕೊಳವೆ ಯಂತ್ರಕ್ಕೆ ಸೇರುವಲ್ಲಿ ಬೊಟ್ಟಿನ ಗಾತ್ರದ ಒಂದು ಜಾಲರಿ ಇತ್ತು. ಅದರ ತುಂಬ ಮರಳು, ಸುಣ್ಣದ ಚೂರು, ಪ್ಲಂಬರ್ ಸುತ್ತಿದ್ದ ಬಿಳಿ ಟೇಪಿನ ಎಳೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಹಾಗೇ ಕೊಳವೆ ಎಲ್ಲೋ ಮಡಚಿಕೊಂಡಂತೆ ಕಂಡಿತು, ಅದನ್ನೂ ನೇರ ಮಾಡಿದೆ. ಅಷ್ಟರಲ್ಲಿ ಟ್ಯಾಂಕಿನಲ್ಲಿ ನೀರು ಕಡಿಮೆ ಇದೆಯೆಂದು ಮಗ ಮೋಟಾರು ಹಾಕಿದ್ದ. ಗುಂಡಿ ಒತ್ತಿದೆ, ಯಂತ್ರ ಸೊಗಸಾಗಿ ಓಡಿತು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಜಾಲರಿಯ ಕಥೆಯನ್ನು ಎಲ್ಲರಿಗೂ ಹೇಳಿದೆ. ಇಬ್ಬರು ಮೇಡಂಗಳು ತಮ್ಮ ಬಟ್ಟೆ ಒಗೆಯುವ ಯಂತ್ರದ ಜಾಲರಿ ಎಲ್ಲಿದೆಯೆಂದು ವಿಚಾರಿಸಿದರು. ಮಂಗಳವಾರ ರಾತ್ರಿ ಮತ್ತೆ ಕುಂಯ್ ಕುಂಯ್. ಮತ್ತೆ ಐಇ. ಜಾಲರಿ ಬಿಚ್ಚಿದೆ, ಕನ್ನಡಿಯಂತಿತ್ತು.

"ಅಪ್ಪ, ಭಾನುವಾರ ನೀವು ಮೂರು ಬದಲಾವಣೆ ಒಟ್ಟಿಗೇ ಮಾಡಿದ್ರಿ" ಎಂದ ಮಗ, ಬಾಗಿಲಿಗೆ ಒರಗಿ ನಿಂತು. "ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗತ್ತೆ? ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು ಅಂತ ಎಂಟನೇ ಕ್ಲಾಸಲ್ಲಿ ನೀವೇ ಅಲ್ವಾ ಬರೆಸಿದ್ದು?"

ಅವನು ನನ್ನ ಶಾಲೆಯಲ್ಲೇ ಓದಿದವನು. ನಾನು ಬರೆಸಿದ್ದು ನಿಜ. ಆದರೆ ಆ ಹೊತ್ತಿಗೆ ಅವನ ಬಾಯಿಂದ ಪಾಠ ಕೇಳುವ ಮನಸ್ಸು ನನಗಿರಲಿಲ್ಲ. ಅದಕ್ಕೆ ಕಾರಣ ಹೇಳಬೇಕು. ಅವನಾಗ ದ್ವಿತೀಯ ಪಿಯುಸಿ. ಆ ವಾರವಷ್ಟೇ ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಬಂದಿತ್ತು. ಭೌತಶಾಸ್ತ್ರದಲ್ಲಿ 70ಕ್ಕೆ 29. ವಿಜ್ಞಾನ ಮೇಷ್ಟರ ಮಗ! ಅಂಕ ಬಂದ ದಿನ ನಾನು ಬೈಯಲಿಲ್ಲ, ಮಾತೇ ಆಡಲಿಲ್ಲ. ಮರುದಿನ ಹೋಗಿ ಟ್ಯೂಷನ್‌ಗೆ ಮೂರು ಸಾವಿರ ರೂಪಾಯಿ ಕಟ್ಟಿ ಬಂದೆ. "ಫಿಸಿಕ್ಸ್ ವೀಕು" ಎಂದು ಅಲ್ಲಿನ ಅರ್ಜಿಯಲ್ಲಿ ನನ್ನ ಕೈಯಾರೆ ಬರೆದೆ. ಇಷ್ಟು ವರ್ಷ ಬೇರೆಯವರ ಮಕ್ಕಳ ಪ್ರಗತಿ ಪತ್ರದಲ್ಲಿ "ಗಮನ ಸಾಲದು", "ಶ್ರಮ ಬೇಕು" ಎಂದು ಎರಡೆರಡು ಪದ ಬರೆದು ಅಭ್ಯಾಸವಾದ ಕೈ ಅದು.

ಆದರೂ ಯಂತ್ರದ ಮಟ್ಟಿಗೆ ಅವನು ಹೇಳಿದ್ದನ್ನು ತಳ್ಳಿಹಾಕುವಂತಿರಲಿಲ್ಲ. "ಹಾಗಾದರೆ ನೀನೇ ನೋಡಪ್ಪ" ಎಂದೆ, ಸ್ವಲ್ಪ ಬಿರುಸಾಗಿಯೇ.

ಅವನು ರಫ್ ನೋಟಿನ ಕೊನೆಯ ಹಾಳೆಯಲ್ಲಿ ಪಟ್ಟಿ ಎಳೆದ. ತಾರೀಖು, ವೇಳೆ, ಯಂತ್ರ ಓಡಿತೋ ಐಇ ಬಂತೋ, ಟ್ಯಾಂಕಿನಲ್ಲಿ ನೀರೆಷ್ಟು. ನೀರು ಅಳೆಯಲು ತೆಂಗಿನ ಗರಿಯ ಒಂದು ಕಡ್ಡಿ. ನಾನು ಹೇಳಿ ಒಂದು ಕಲಂ ಸೇರಿಸಿದೆ: ವೋಲ್ಟೇಜು. ರಾತ್ರಿ ಹೊತ್ತು ನಮ್ಮ ಬೀದಿಯಲ್ಲಿ ವೋಲ್ಟೇಜು ಇಳಿಯುತ್ತದೆ, ನೀರಿನ ವಾಲ್ವು ಕರೆಂಟಿನಿಂದ ತೆರೆಯುವಂಥದು, ಕರೆಂಟು ಸಾಲದೆ ಅದು ತೆರೆಯುತ್ತಿಲ್ಲ ಎನ್ನುವುದು ನನ್ನ ವಾದ. ಟ್ಯಾಂಕಿನ ನೀರು ಎನ್ನುವುದು ಅವನ ವಾದ. ಎರಡಕ್ಕೂ ಸಾಕ್ಷಿ ಒಂದೇ ಆಗಿತ್ತು ಎಂಬುದೇ ತೊಡಕು. ನಾವು ಮೋಟಾರು ಹಾಕುವುದು ಬೆಳಿಗ್ಗೆ. ರಾತ್ರಿಯ ಹೊತ್ತಿಗೆ ವೋಲ್ಟೇಜೂ ಕಡಿಮೆ, ಟ್ಯಾಂಕಿನ ನೀರೂ ಕಡಿಮೆ.

ಹನ್ನೊಂದು ದಿನದ ಪಟ್ಟಿಯಲ್ಲಿ ನಾಲ್ಕು ಸಲ ಐಇ ಬಂದಿತ್ತು. ಮೂರು ರಾತ್ರಿ, ಒಂದು ಬೆಳಿಗ್ಗೆ. ಆ ಒಂದು ಬೆಳಿಗ್ಗೆಯೇ ನನ್ನ ವಾದವನ್ನು ಮುಗಿಸಿದ್ದು. ಅಂದು ನಸುಕಿನಿಂದ ಕರೆಂಟಿರಲಿಲ್ಲ, ಮೋಟಾರು ಹಾಕಿರಲಿಲ್ಲ. ಹತ್ತು ಗಂಟೆಗೆ ಕರೆಂಟು ಬಂದ ಕೂಡಲೇ ನನ್ನಾಕೆ ಯಂತ್ರ ಹಚ್ಚಿದ್ದಳು. ವೋಲ್ಟೇಜು 230, ಟ್ಯಾಂಕಿನಲ್ಲಿ ನೀರು ಒಂದು ಗೇಣು. ಐಇ. ಆಮೇಲೆ ಬೇಕೆಂದೇ ಒಂದು ರಾತ್ರಿ ಟ್ಯಾಂಕು ತುಂಬಿಸಿ ಯಂತ್ರ ಹಚ್ಚಿದೆವು. ವೋಲ್ಟೇಜು 195ಕ್ಕೆ ಇಳಿದಿತ್ತು, ದೀಪಗಳು ಮಂಕಾಗಿದ್ದವು, ಯಂತ್ರ ಮಾತ್ರ ತಕರಾರಿಲ್ಲದೆ ಓಡಿತು.

ಇಲ್ಲಿಗೆ ಮುಗಿಯಿತು ಎನ್ನುವಂತಿರಲಿಲ್ಲ. ಟ್ಯಾಂಕು ಬರಿದಾಗಿರಲಿಲ್ಲವಲ್ಲ! ಒಂದು ಗೇಣು ನೀರೆಂದರೂ ಇನ್ನೂರು ಲೀಟರಿನ ಹತ್ತಿರ. ಯಂತ್ರಕ್ಕೆ ಒಂದು ತೊಳೆತಕ್ಕೆ ಬೇಕಾದದ್ದು ಹತ್ತು ಹನ್ನೆರಡು ಲೀಟರು. ಬಕೆಟ್ ಇಟ್ಟು ಅದೇ ನಲ್ಲಿಯಿಂದ ಹಿಡಿದೆವು. ಟ್ಯಾಂಕು ತುಂಬಿದ್ದಾಗ ಹತ್ತು ಲೀಟರಿಗೆ 110 ಸೆಕೆಂಡು; ಗೇಣುದ್ದ ನೀರಿದ್ದಾಗ 122 ಸೆಕೆಂಡು. ಹನ್ನೆರಡು ಸೆಕೆಂಡಿನ ವ್ಯತ್ಯಾಸಕ್ಕೆ ಯಾವ ಯಂತ್ರ ಅಳುತ್ತದೆ?

ನಾನು ಗೆದ್ದವನಂತೆ ನೋಡಿದೆ. ಮಗ ಮಾತಾಡಲಿಲ್ಲ. ಮುಂದಿನ ಸಲ ಐಇ ಬಂದಾಗ ಬಾಗಿಲು ತೆಗೆದು, ತಟ್ಟೆಗಳನ್ನೆಲ್ಲ ಎತ್ತಿಟ್ಟು, ತಳದ ನೀರನ್ನು ಸ್ಪಂಜಿನಿಂದ ಹಿಂಡಿ ಹಿಂಡಿ ಅಳತೆಯ ಪಾತ್ರೆಗೆ ತುಂಬಿದ. ಒಂದೂವರೆ ಲೀಟರಿನಷ್ಟಾಯಿತು.

"ನೋಡಿ ಅಪ್ಪ. ನೀರು ಬಂದೇ ಇಲ್ಲ ಅಂತ ಅಲ್ಲ. ಬರ್ತಾ ಇದೆ. ಅದು ಕೇಳೋ ಟೈಮಿನೊಳಗೆ ಬರ್ತಿಲ್ಲ, ಅಷ್ಟೆ."

ನಿಜ. ಯಂತ್ರಕ್ಕೆ ಕಣ್ಣಿಲ್ಲ. ಇಷ್ಟು ವೇಳೆಯೊಳಗೆ ಇಷ್ಟು ನೀರು ತುಂಬಬೇಕೆಂದು ಅದಕ್ಕೆ ಬರೆದಿಟ್ಟಿದ್ದಾರೆ. ವೇಳೆ ಮೀರಿದರೆ ಐಇ. ನಲ್ಲಿ ಕಟ್ಟಿದ್ದರೂ ಅದೇ ಐಇ, ಜಾಲರಿ ಕಟ್ಟಿಕೊಂಡರೂ ಅದೇ, ವಾಲ್ವು ಸುಟ್ಟಿದ್ದರೂ ಅದೇ. ಆ ಎರಡಕ್ಷರ ಹೇಳುವುದು ನಿರೀಕ್ಷೆ ಮುಟ್ಟಲಿಲ್ಲ ಎಂಬುದನ್ನು ಮಾತ್ರ. ಯಾಕೆ ಮುಟ್ಟಲಿಲ್ಲ ಎಂಬುದನ್ನಲ್ಲ. ನಾನು ಅದನ್ನು "ನೀರಿಲ್ಲ" ಎಂದು ಓದಿಕೊಂಡಿದ್ದೆ.

ನಲ್ಲಿಯಲ್ಲಿ ಧಾರಾಳವಾಗಿ ಬರುವ ನೀರು ಯಂತ್ರದೊಳಕ್ಕೆ ಮಾತ್ರ ಯಾಕೆ ತೊಟ್ಟಿಕ್ಕುತ್ತದೆ ಎನ್ನುವುದನ್ನು ಬಿಡಿಸಿದವನು ಕಂಪನಿಯಿಂದ ಬಂದ ಮೆಕ್ಯಾನಿಕ್. ಕೊನೆಗೂ ಫೋನ್ ಮಾಡಿದ್ದೆ. ಐಟಿಐ ಮುಗಿಸಿದ ಹುಡುಗ, ಇಪ್ಪತ್ತೈದು ದಾಟಿರಲಾರದು. ಬಂದವನೇ ಏನನ್ನೂ ಬಿಚ್ಚಲಿಲ್ಲ. ಯಂತ್ರ ಚಾಲೂ ಮಾಡಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟ. "ಕೇಳಿ ಸಾರ್. ವಾಲ್ವ್ ಗುಂಯ್ ಅಂತಿದೆ, ಅಂದ್ರೆ ಕರೆಂಟ್ ಬರ್ತಿದೆ. ನೀರು ಭರ್ರ್ ಅಂತ ಬೀಳ್ಬೇಕು, ಸುಯ್ ಅಂತಿದೆ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ?"

ವಾಲ್ವಿನ ಗುಟ್ಟು ಅವನಿಂದಲೇ ತಿಳಿಯಿತು. ಕರೆಂಟು ಹರಿದಾಗ ವಿದ್ಯುತ್ಕಾಂತ ತೆರೆಯುವುದು ಸೂಜಿಮೊನೆಯಷ್ಟು ಸಣ್ಣ ಕಿಂಡಿಯನ್ನು ಮಾತ್ರ. ದೊಡ್ಡ ದಾರಿಯನ್ನು ಮುಚ್ಚಿರುವುದು ಒಂದು ರಬ್ಬರಿನ ಪೊರೆ. ಕಿಂಡಿ ತೆರೆದಾಗ ಪೊರೆಯ ಮೇಲ್ಗಡೆ ಒತ್ತಡ ಇಳಿದು, ಕೆಳಗಿನ ನೀರು ತಾನೇ ಅದನ್ನು ಎತ್ತಿ ನುಗ್ಗುತ್ತದೆ. ಅಂದರೆ ಬಾಗಿಲು ತೆರೆಯುವ ಕೆಲಸ ನೀರಿನದೇ. ನೀರಿಗೆ ಸಾಕಷ್ಟು ಒತ್ತಡವಿಲ್ಲದಿದ್ದರೆ ಪೊರೆ ಅರೆಬರೆ ಏಳುತ್ತದೆ. ಇದರಿಂದಾಗಿ ನಲ್ಲಿಯಲ್ಲಿ ಹನ್ನೆರಡು ಸೆಕೆಂಡಿನಷ್ಟೇ ಕಾಣುವ ವ್ಯತ್ಯಾಸ ವಾಲ್ವಿನ ಹತ್ತಿರ ತೆರೆಯುವುದಕ್ಕೂ ತೆರೆಯದಿರುವುದಕ್ಕೂ ಇರುವ ವ್ಯತ್ಯಾಸವಾಗಿಬಿಡುತ್ತದೆ.

ಲೆಕ್ಕ ನಾವೇ ಮಾಡಿದೆವು. ಟೇಪು ಹಿಡಿದು ಅಳೆದರೆ ಯಂತ್ರದ ವಾಲ್ವಿನಿಂದ ಟ್ಯಾಂಕಿನ ತಳಕ್ಕೆ 3.7 ಮೀಟರ್. ನಮ್ಮದು 1999ರಲ್ಲಿ ಕಟ್ಟಿದ ಒಂದಂತಸ್ತಿನ ಮನೆ. ಟ್ಯಾಂಕು ತಾರಸಿಯ ಮೇಲೆ ಎರಡಡಿ ಕಟ್ಟೆಯ ಮೇಲಿದೆ. ಟ್ಯಾಂಕು ತುಂಬಿದಾಗ ನೀರಿನ ಎತ್ತರ 1.1 ಮೀಟರ್ ಸೇರಿ 4.8 ಮೀಟರ್. ಹತ್ತು ಮೀಟರ್ ನೀರಿನ ಕಂಬಕ್ಕೆ ಸುಮಾರು ಒಂದು ಬಾರ್ ಒತ್ತಡ. ಹಾಗಾಗಿ ತುಂಬಿದಾಗ 0.47, ಗೇಣುದ್ದ ನೀರಿದ್ದಾಗ 0.38 ಬಾರ್. ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಕನಿಷ್ಠ 0.5 ಬಾರ್. ಯಂತ್ರ ಬಂದ ದಿನದಿಂದ ಒಮ್ಮೆಯೂ ನಾವು ಆ ಗೆರೆಯನ್ನು ಮುಟ್ಟಿರಲಿಲ್ಲ. ಟ್ಯಾಂಕು ತುಂಬಿದ್ದಾಗ ಅದು ಹೇಗೋ ಹೊಂದಿಕೊಂಡು ಓಡುತ್ತಿತ್ತು.

ಬಾಟಲಿಗೆ ಮೂರು ಎತ್ತರದಲ್ಲಿ ತೂತು ಕೊರೆದು, ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸವಾಗಿ ಚಿಮ್ಮುವುದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಇಪ್ಪತ್ತೆಂಟು ಸಲ ತೋರಿಸಿದ್ದೇನೆ. ಆ ಬಾಟಲಿ ನನ್ನ ಮನೆಯ ತಲೆಯ ಮೇಲೇ ಕುಳಿತಿದ್ದು ನನಗೆ ಕಂಡಿರಲಿಲ್ಲ.

ಸದ್ಯಕ್ಕೆ ಸುಲಭದ ದಾರಿ, ಬೆಳಿಗ್ಗೆ ಟ್ಯಾಂಕು ತುಂಬಿದ ಮೇಲೆ ಯಂತ್ರ ಹಚ್ಚುವುದು. ಅದಕ್ಕೆ ಅಮ್ಮ ಸುತರಾಂ ಒಪ್ಪಲಿಲ್ಲ. "ಮುಸುರೆ ಪಾತ್ರೆ ರಾತ್ರಿಯೆಲ್ಲ ಇಟ್ಕೊಂಡು ಮಲಗೋದಾ? ಲಕ್ಷ್ಮಿ ನಿಲ್ತಾಳೇನೋ ಮನೇಲಿ?" ನನ್ನಾಕೆ ಮಾತಾಡದೆ ಒಂದು ರಾತ್ರಿ ಎಡಗೈಯಲ್ಲೇ ನಾಲ್ಕು ಪಾತ್ರೆ ತಿಕ್ಕಲು ನಿಂತಳು. ಅಂದೇ ಟ್ಯಾಂಕನ್ನು ಎತ್ತರಿಸುವುದೆಂದು ತೀರ್ಮಾನಿಸಿದೆವು.

ಅದೇ ರಾತ್ರಿ ಇನ್ನೊಂದು ಕೆಲಸ ಮಾಡಿದೆ. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಈ ಪುಟ ಓದುವ ತಂದೆತಾಯಂದಿರಲ್ಲಿ ನನ್ನಂಥವರು ಇರಬಹುದೆಂದು ಬರೆಯುತ್ತಿದ್ದೇನೆ. ಮಗನನ್ನು ಕರೆದು ಭೌತಶಾಸ್ತ್ರದ ಉತ್ತರ ಪತ್ರಿಕೆ ತೋರಿಸು ಎಂದೆ. ಅಲ್ಲಿಯವರೆಗೆ ನಾನು ನೋಡಿದ್ದು ಅಂಕವನ್ನು ಮಾತ್ರ. ಸಾವಿರಾರು ಮಕ್ಕಳ ಪತ್ರಿಕೆ ತಿದ್ದಿದವನು ನನ್ನ ಮಗನದನ್ನು ಬಿಡಿಸಿ ನೋಡಿರಲಿಲ್ಲ.

ಅವನು ಹೆದರುತ್ತಲೇ ತಂದುಕೊಟ್ಟ. ಮೊದಲ ಪುಟದಿಂದ ಓದುತ್ತಾ ಹೋದೆ. ಬರೆದದ್ದರಲ್ಲಿ ತಪ್ಪು ಬಲು ಕಡಿಮೆ. ಧಾರಕದ ಚಿತ್ರ, ವ್ಹೀಟ್‌ಸ್ಟನ್ ಸೇತುವೆಯ ಚಿತ್ರ, ಎಲ್ಲ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಎಳೆದದ್ದು. ಪ್ರತಿ ಉತ್ತರದ ಕೆಳಗೂ ನೇರವಾದ ಗೆರೆ. ಅಕ್ಷರ ಮುತ್ತು ಪೋಣಿಸಿದಂತೆ. ಹನ್ನೊಂದನೇ ಪುಟದ ನಡುವೆ ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು. ಅಲ್ಲಿಂದಾಚೆಗೆ ಎಲ್ಲ ಖಾಲಿ. ಐದೈದು ಅಂಕದ ಪ್ರಶ್ನೆಗಳೆಲ್ಲ ಆ ಖಾಲಿ ಜಾಗದಲ್ಲಿದ್ದವು.

"ಇವು ಬರ್ತಿರಲಿಲ್ವಾ?"

"ಬರ್ತಿತ್ತು. ಬೆಲ್ ಆಯ್ತು."

"ಇಷ್ಟು ನಿಧಾನಕ್ಕೆ ಯಾಕೆ ಬರೀತೀಯೋ?"

ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅವನು ಮೂರನೆಯ ತರಗತಿಯಲ್ಲಿದ್ದಾಗ, ಗೆರೆ ಸೊಟ್ಟಗಿದೆಯೆಂದು ಪುಟ ಹರಿದು ಮತ್ತೆ ಬರೆಸಿದವನು ನಾನು. ಒಂದು ಸಲವಲ್ಲ, ಆ ವರ್ಷವೆಲ್ಲ. ಮೇಷ್ಟರ ಮಗನ ನೋಟು ಬುಕ್ಕು ಬೇರೆಯವರಿಗೆ ಮಾದರಿಯಾಗಿರಬೇಕೆಂಬ ಹಟ ನನಗಿತ್ತು. ಅದು ಮಾದರಿಯಾಗಿಯೂ ಇತ್ತು. ತರಗತಿಯಲ್ಲಿ ಎತ್ತಿ ತೋರಿಸುತ್ತಿದ್ದೆ. ಹತ್ತನೇ ತರಗತಿಯವರೆಗೆ ಮೂರು ಗಂಟೆ ಅವನಿಗೆ ಹೇಗೋ ಸಾಲುತ್ತಿತ್ತು. ಪಿಯುಸಿಯಲ್ಲಿ ಬರೆಯಬೇಕಾದದ್ದು ಹೆಚ್ಚಿತು, ಸಾಲದಾಯಿತು.

ಟ್ಯೂಷನ್‌ನವರು ಹಣ ವಾಪಸು ಕೊಡಲಿಲ್ಲ. ನಾನೂ ಹೆಚ್ಚು ಕೇಳಲಿಲ್ಲ. ಮಗ ಒಂದು ತಿಂಗಳು ಹೋಗಿ ಬಂದ. ಮನೆಯಲ್ಲಿ ಬೇರೆಯದೇ ಅಭ್ಯಾಸ ಶುರುವಾಯಿತು. ಗಡಿಯಾರ ಇಟ್ಟುಕೊಂಡು ಐದಂಕದ ಒಂದು ಪ್ರಶ್ನೆಗೆ ಹನ್ನೊಂದು ನಿಮಿಷ. ಚಿತ್ರ ಕೈಯಲ್ಲೇ. ಮೊದಲ ವಾರ ಅವನಿಗಿಂತ ಕಷ್ಟ ನನಗಾಯಿತು. ಅವನು ಸ್ಕೇಲಿಲ್ಲದೆ ಎಳೆದ ಮಂಡಲದ ಚಿತ್ರ ನೋಡಿದಾಗ ನನ್ನ ಕೈ ತಾನಾಗಿ ರಬ್ಬರಿನ ಕಡೆಗೆ ಹೋಗುತ್ತಿತ್ತು. ನನ್ನಾಕೆ ಒಂದು ದಿನ ಪೆನ್ಸಿಲ್ ಡಬ್ಬಿಯನ್ನೇ ಎತ್ತಿ ದೇವರ ಗೂಡಿನ ಮೇಲಿಟ್ಟಳು.

ಟ್ಯಾಂಕಿನ ಕೆಲಸ ಡಿಸೆಂಬರಿನಲ್ಲಿ ಮುಗಿಯಿತು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ, ತಾರಸಿಯ ನಡುವೆ ಎಲ್ಲೆಂದರಲ್ಲಿ ಇಡುವಂತಿಲ್ಲ. ಎರಡು ಗೋಡೆ ಕೂಡುವ ಮೂಲೆ ಹುಡುಕಿ, ಗಾರೆಯವರಿಂದ ಇನ್ನೂ ಐದಡಿ ಎತ್ತರ ಕಟ್ಟಿಸಿದೆವು. ಈಗ ಟ್ಯಾಂಕಿನಲ್ಲಿ ಗೇಣುದ್ದ ನೀರಿದ್ದರೂ 0.5 ಬಾರ್ ದಾಟುತ್ತದೆ. ಸ್ನಾನದ ಮನೆಯ ನಲ್ಲಿಯೂ ಜೋರಾಗಿದೆ ಎಂದು ಅಮ್ಮನಿಗೆ ಖುಷಿ. ಜಾಲರಿಯನ್ನು ಎರಡು ತಿಂಗಳಿಗೊಮ್ಮೆ ತೊಳೆಯುತ್ತೇನೆ, ಗಡಸು ನೀರಿಗೆ ಅದು ತಪ್ಪಿದ್ದಲ್ಲ. ಐಇ ಮತ್ತೆ ಬಂದಿದ್ದು ಒಂದೇ ಸಲ, ನಾನು ನಲ್ಲಿ ತಿರುಗಿಸಲು ಮರೆತ ದಿನ.

2025ರ ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಭೌತಶಾಸ್ತ್ರದಲ್ಲಿ ಅವನಿಗೆ 46 ಬಂತು. ಈ ಸಲ ಪತ್ರಿಕೆಯನ್ನು ಅವನೇ ತಂದು ಮೇಜಿನ ಮೇಲಿಟ್ಟ. ಕೊನೆಯ ಪುಟದವರೆಗೂ ತುಂಬಿತ್ತು, ನಡುವೆ ಎರಡು ಪ್ರಶ್ನೆ ಮಾತ್ರ ಬಿಟ್ಟಿದ್ದ. "ಇವೆರಡು ನಿಜವಾಗ್ಲೂ ಬರಲ್ಲ ಅಪ್ಪ" ಎಂದ. ಪರ್ಯಾಯ ವಿದ್ಯುತ್ತಿನ ಮಂಡಲ ಒಂದು, ಬೆಳಕಿನ ವ್ಯತಿಕರಣ ಒಂದು. ಅಡುಗೆಮನೆಯಲ್ಲಿ ಯಂತ್ರ ಭರ್ರೆಂದು ನೀರು ತುಂಬಿಕೊಳ್ಳುತ್ತಿತ್ತು. ಸರಿ, ಪುಸ್ತಕ ತೆಗೆದುಕೊಂಡು ಬಾ ಎಂದೆ.